ಒಂದು ಸೈಜ್ ದೊಡ್ಡದಿರಲಿ!

ಟಯರ್ ಆರಿಸುವ ವಿಷಯದಲ್ಲಿ ಈ ತಾರಾನಾಥನಿಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ! ಹೀಗೆಂದು ನಾನು ಎಪ್ಪತ್ತೊಂಬತ್ತನೇ ಇಸವಿಯ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಬಿಜೈಯ ನಮ್ಮ ಮನೆಯ ಜಗಲಿಯಲ್ಲಿ ನಿಂತು, ಎಡಗೈಯಲ್ಲಿ ಚಹಾದ ಲೋಟ, ಬಲಗೈಯಲ್ಲಿ ಅಳತೆಯ ಟೇಪು ಹಿಡಿದು ಘೋಷಿಸಿದೆ. ಯಾರೂ ಮೋಸ ಮಾಡಲಿಲ್ಲ ಎಂಬುದನ್ನು ಇವತ್ತಿಗೂ ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಆದದ್ದೆಲ್ಲ ನನ್ನ ಕೈಯಿಂದಲೇ ಆಯಿತು.

ಘೋಷಣೆಯನ್ನು ಕೇಳಲು ಇದ್ದವಳು ನನ್ನ ಹೆಂಡತಿ ಕುಶಲಾ ಒಬ್ಬಳೇ.

“ನಿಮ್ಮ ಕಾಲಿಗೆ ಚಪ್ಪಲಿ ಆರಿಸ್ಲಿಕ್ಕೇ ಗೊತ್ತಿಲ್ಲ. ಇನ್ನು ಕಾರಿಗೆ ಟಯರಾ?” ಎಂದಳು.

“ನನ್ನ ಚಪ್ಪಲಿಗೆ ಎಂತ ಆಗಿದೆ?”

“ಎಂತ ಆಗ್ಲಿಲ್ಲ. ನೀವು ಮೊದಲು ಹೋಗ್ತೀರಿ, ಅದು ಮತ್ತೆ ಬರ್ತದೆ.”

ಮಾತಿನಲ್ಲಿ ಸತ್ಯವಿತ್ತು. ಆದರೆ ಅದಕ್ಕೆ ಹೊಣೆ ನಾನಲ್ಲ, ನಮ್ಮ ಮನೆತನ! ಹನ್ನೊಂದು ಮಕ್ಕಳಿದ್ದ ಕೂಡುಕುಟುಂಬ ನಮ್ಮದು. ಚಪ್ಪಲಿ, ಚಡ್ಡಿ, ಅಂಗಿ ಏನೇ ಕೊಳ್ಳುವುದಿದ್ದರೂ ಅಮ್ಮನ ಆಜ್ಞೆ ಒಂದೇ: “ಒಂದು ಸೈಜ್ ದೊಡ್ಡದಿರಲಿ, ಬೆಳೆಯುವ ಮಕ್ಕಳು!” ನಾನು ಬೆಳೆದು ಚಡ್ಡಿಯನ್ನು ತುಂಬುವಷ್ಟರಲ್ಲಿ ಚಡ್ಡಿಯೇ ಹರಿದು ಹೋಗಿರುತ್ತಿತ್ತು. ಆ ವರ್ಷ ನನಗೆ ನಲವತ್ತಾರು. ಸೊಂಟವೊಂದನ್ನು ಬಿಟ್ಟರೆ ಬೇರೆಲ್ಲೂ ಬೆಳೆಯುವ ಲಕ್ಷಣವಿರಲಿಲ್ಲ. ಆದರೂ ಅಂಗಡಿಯ ಮೆಟ್ಟಿಲು ಹತ್ತಿದೊಡನೆ ನನ್ನ ಬಾಯಿಂದ ಅಮ್ಮನ ಮಾತೇ ಬರುತ್ತಿತ್ತು.

ಟಯರಿನ ಚಿಂತೆ ಹತ್ತಿದ್ದು ಸುಮ್ಮನೆ ಅಲ್ಲ. ಮೇ ತಿಂಗಳಲ್ಲಿ ನನ್ನ ಅಕ್ಕ ಜಲಜಾಕ್ಷಿಯ ಒಬ್ಬಳೇ ಮಗಳು ಸ್ನೇಹಲತಾಳ ಮದುವೆ. ಭಾವ ತೀರಿಕೊಂಡಾಗ ಆ ಹುಡುಗಿಗೆ ಆರು ವರ್ಷ. ಅಂದಿನಿಂದ ಅವಳಿಗೆ ಶಾಲೆಯ ಫೀಸಿನಿಂದ ಹಿಡಿದು ಹಲ್ಲುನೋವಿನವರೆಗೆ ಎಲ್ಲದಕ್ಕೂ ಈ ಮಾಮನೇ. ನಾನು ಹಳೆಯ ಅಂಬಾಸಿಡರ್ ಕೊಂಡು ಮನೆಗೆ ತಂದ ದಿನ ಅವಳು ಅದರ ಬಾನೆಟ್ಟನ್ನು ದನದ ಬೆನ್ನು ಸವರಿದ ಹಾಗೆ ಸವರಿ, “ಮಾಮ, ನನ್ನ ಮದುವೆಗೆ ಇದರಲ್ಲೇ ಕರ್ಕೊಂಡು ಹೋಗ್ಬೇಕು” ಎಂದಿದ್ದಳು. ನಾನು ಮಾತು ಕೊಟ್ಟಿದ್ದೆ. ನಮ್ಮಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಹಕ್ಕಿಗೆ ತಕ್ಕ ಕಾರು ಬೇಡವೇ? ಕಾರಿಗೆ ತಕ್ಕ ಟಯರ್ ಬೇಡವೇ? ಇದ್ದ ಟಯರುಗಳೋ, ನನ್ನ ತಲೆಯಷ್ಟೇ ನುಣ್ಣಗಾಗಿದ್ದವು.

ಸಂಶೋಧನೆ ಆರಂಭವಾಯಿತು. ವಿಮಾ ಕಚೇರಿಯಲ್ಲಿ ಅಧಿಕಾರಿ ನಾನು. ಆಗದ ಅಪಘಾತಗಳನ್ನು ಮುಂಚಿತವಾಗಿ ಊಹಿಸುವುದೇ ನನ್ನ ಉದ್ಯೋಗ! ಸಂಜೆ ಕಚೇರಿಯಿಂದ ಬರುತ್ತಾ ದಾರಿಯ ಬದಿಯಲ್ಲಿ ನಿಂತ ಕಾರುಗಳ ಬಳಿ ಕುಕ್ಕರುಗಾಲಲ್ಲಿ ಕುಳಿತು, ಟಯರಿನ ಗೆರೆಗಳೊಳಗೆ ನಾಲ್ಕಾಣೆಯ ನಾಣ್ಯ ತೂರಿಸಿ ಆಳ ಅಳೆಯುತ್ತಿದ್ದೆ. ಒಂದು ದಿನ ನೆರೆಮನೆಯ ಗ್ಲ್ಯಾಡಿಸ್ ಬಾಯಿ ನೋಡಿಬಿಟ್ಟರು. “ಎಂತ ಬಿದ್ದದ್ದು ತಾರಾನಾಥಣ್ಣ? ನಾನೂ ಹುಡುಕ್ತೇನೆ” ಎಂದು ಅವರೂ ಕುಳಿತರು. ಅವರನ್ನು ಕಂಡು ಇನ್ನಿಬ್ಬರು ಕುಳಿತರು. ಏನೂ ಬಿದ್ದಿಲ್ಲ ಎಂದು ಹೇಳುವ ಧೈರ್ಯ ಸಾಲದೆ, ಕೈಯಲ್ಲಿದ್ದ ನಾಲ್ಕಾಣೆಯನ್ನೇ ಬೀಳಿಸಿ, ನಾನೇ ಹುಡುಕಿ ತೆಗೆದು, ಎಲ್ಲರಿಗೂ ಉಪಕಾರ ಹೇಳಿ ಪಾರಾದೆ.

ಬಂದರಿನ ಹತ್ತಿರ ಅಬ್ದುಲ್ ರಹ್ಮಾನರ ಟಯರ್ ಅಂಗಡಿ. ಇಪ್ಪತ್ತು ವರ್ಷದ ಪರಿಚಯ. ನಾನು ಬಾಗಿಲಲ್ಲಿ ಕಾಣಿಸಿದೊಡನೆ ಅವರು ನನ್ನ ಕಾರಿಗಾಗುವ ಟಯರುಗಳನ್ನು ಉರುಳಿಸಿ ಮುಂದೆ ನಿಲ್ಲಿಸಿದರು.

“ತಗೊಳ್ಳಿ ಸಾಹೇಬ್ರೆ. ನಿಮ್ಮ ಗಾಡಿಯ ಅಳತೆ, ಐದು ತೊಂಬತ್ತು. ಕಣ್ಣು ಮುಚ್ಚಿ ಹಾಕ್ಬಹುದು.”

ಕಣ್ಣು ಮುಚ್ಚಿ ಹಾಕಲು ನಾನು ದಿನಗಟ್ಟಲೆ ನಾಲ್ಕಾಣೆ ತೂರಿಸಿದ್ದೇ? ನನ್ನ ಕಣ್ಣು ಮೂಲೆಯಲ್ಲಿದ್ದ ಬೇರೆ ಟಯರುಗಳ ಮೇಲೆ ಬಿತ್ತು. ದಪ್ಪ, ಎತ್ತರ, ಕಟ್ಟೆಯ ಮೇಲೆ ಕುಳಿತ ಪಟೇಲರ ಠೀವಿ!

“ಅದು ಯಾವುದು?”

“ಅದು ಆರು ಎಪ್ಪತ್ತು. ದೊಡ್ಡ ಗಾಡಿಯದ್ದು. ನಿಮಗೆ ಬೇಡ.”

“ನನ್ನ ಗಾಡಿಗೆ ಕೂತುಕೊಳ್ಳುವುದಿಲ್ಲವಾ?”

“ಕೂತುಕೊಳ್ತದೆ. ಒಳಗಿನ ಕಬ್ಬಿಣದ ಡಿಸ್ಕಿನ ಅಳತೆ ಒಂದೇ. ಆದರೆ...”

“ಆದರೆ ಗೀದರೆ ಬೇಡ ರಹ್ಮಾನ್! ಅಕ್ಕನ ಮನೆಗೆ ಶಕ್ತಿನಗರದ ಗುಡ್ಡದ ದಾರಿ ಉಂಟು, ಮದುಮಗಳು ಕೂರುವ ಗಾಡಿ. ಒಂದು ಸೈಜ್ ದೊಡ್ಡದೇ ಇರಲಿ!”

“ಸಾಹೇಬ್ರೆ, ಹಾಗಾದ್ರೆ ಒಂದು ಕೆಲಸ ಮಾಡಿ. ನಾಲ್ಕು ಜನರನ್ನು ಕೂರಿಸಿ ಒಮ್ಮೆ ಓಡಿಸಿ ನೋಡಿ. ಸರಿ ಆಗದಿದ್ರೆ ಬದಲಿಸುವ.”

ಆಯಿತು ಎಂದು ಸ್ಟೆಪ್ನಿಯೂ ಸೇರಿ ಐದು ಟಯರ್ ಹಾಕಿಸಿಕೊಂಡೆ. ಕಾರು ಎರಡು ಬೆರಳು ಎತ್ತರವಾಯಿತು. ನಾನೂ!

ಆದರೆ ನಾಲ್ಕು ಜನರನ್ನು ಕೂರಿಸುವುದು ಹೇಗೆ? ಬೋಳಾರದ ಮಂಗಳಾದೇವಿಯ ಎದುರು ಕಾರು ನಿಲ್ಲಿಸಿ, ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟು ಪೂಜೆ ಮಾಡಿಸುವಾಗ ನಾನು ಮನಸ್ಸಿನಲ್ಲೇ ಸಂಕಲ್ಪ ಮಾಡಿಬಿಟ್ಟಿದ್ದೆ. ಈ ಟಯರಿನ ಮೇಲೆ ಮೊದಲ ಸವಾರಿ ಸ್ನೇಹಲತಾಳದ್ದು! ಅವಳಿಗಿಂತ ಮೊದಲು ಇನ್ನೊಂದು ನರಪಿಳ್ಳೆ ಈ ಕಾರಿನಲ್ಲಿ ಕೂರಬಾರದು! ದಿನಾ ಬೆಳಿಗ್ಗೆ ಒಬ್ಬನೇ ಪಣಂಬೂರಿನವರೆಗೆ ಹೋಗಿ ಬಂದೆ. ಕಾರು ಹೂವಿನಂತೆ ಓಡಿತು.

“ನನ್ನನ್ನು ಮೀನು ಮಾರ್ಕೆಟ್ಟಿಗಾದ್ರೂ ಬಿಡಿ ಮಾರಾಯ್ರೆ” ಎಂದಳು ಕುಶಲಾ.

“ಮದುಮಗಳ ಸೀಟಿನಲ್ಲಿ ಬಂಗುಡೆಯಾ? ಸಾಧ್ಯವಿಲ್ಲ!”

“ನಾನು ಬಂಗುಡೆಯನ್ನು ಸೀಟಿನಲ್ಲಿ ಕೂರಿಸ್ತೇನೆ ಅಂತ ಯಾರು ಹೇಳಿದ್ದು?”

ಅವಳು ಬಸ್ಸಿನಲ್ಲೇ ಹೋದಳು. ಅಂದು ಅವಳನ್ನು, ಅವಳ ಮೀನಿನ ಚೀಲವನ್ನು, ಗ್ಲ್ಯಾಡಿಸ್ ಬಾಯಿಯನ್ನು ಒಟ್ಟಿಗೆ ಕೂರಿಸಿಕೊಂಡು ಒಂದು ಫರ್ಲಾಂಗು ಓಡಿಸಿದ್ದರೆ ಸಾಕಿತ್ತು. ಈ ಕತೆಯೇ ಇರುತ್ತಿರಲಿಲ್ಲ.

ಮದುವೆಯ ದಿನ ಬಂತು. ಬೋಳಾರದ ಸಭಾಭವನದಲ್ಲಿ ಹನ್ನೊಂದು ಇಪ್ಪತ್ತಕ್ಕೆ ಮುಹೂರ್ತ. ಜರಿಯ ಶಾಲು, ಬಿಳಿ ಪಂಚೆ, ತಲೆಗೆ ಮುಂಡಾಸು ಕಟ್ಟಿಕೊಂಡು ಕಾರನ್ನು ಶಕ್ತಿನಗರದ ಅಕ್ಕನ ಮನೆಯ ಅಂಗಳದಲ್ಲಿ ತಂದು ನಿಲ್ಲಿಸಿದೆ. ಮುಂದಿನ ಸೀಟಿನಲ್ಲಿ ಹರಿವಾಣ ಹಿಡಿದು ಕುಶಲಾ ಕುಳಿತಳು. ಹಿಂದೆ ಮದುಮಗಳು, ಅಕ್ಕ, ಅಕ್ಕನ ಇಬ್ಬರು ನಾದಿನಿಯರು. ಡಿಕ್ಕಿಯಲ್ಲಿ ಐವತ್ತು ತೆಂಗಿನಕಾಯಿ, ಎರಡು ಗೊನೆ ಬಾಳೆಹಣ್ಣು, ಮದುಮಗಳ ಟ್ರಂಕು. ಸ್ನೇಹಲತಾ ತಲೆತುಂಬ ಮಲ್ಲಿಗೆ ಮುಡಿದು, ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. “ಮಾಮ, ಹೇಳಿದ ಹಾಗೆ ಮಾಡಿದ್ರಿ.” ನನ್ನ ಕಣ್ಣು ಒದ್ದೆಯಾಯಿತು.

ಇಳಿಜಾರಿನ ಮೊದಲ ಹೊಂಡದಲ್ಲೇ ‘ಗರ್ರ್’ ಎಂದಿತು. ಎರಡನೆಯದರಲ್ಲಿ ‘ಗರ್ರ್ರ್ರ್’. ನಾನು ಹಾರ್ನ್ ಬಾರಿಸಿ ಸದ್ದನ್ನು ಮುಚ್ಚಲು ನೋಡಿದೆ. ನಂತೂರು ಮುಟ್ಟುವಷ್ಟರಲ್ಲಿ ಹಿಂದಿನಿಂದ ಹೊಗೆ!

“ಎಂತದೋ ಸುಟ್ಟ ವಾಸನೆ” ಎಂದಳು ಕುಶಲಾ.

“ಹೊಸ ಟಯರಿನ ಪರಿಮಳ ಹಾಗೇ ಇರ್ತದೆ.”

“ಪರಿಮಳಕ್ಕೆ ಕಣ್ಣು ಉರೀತದಾ?”

ಕಾರು ನಿಲ್ಲಿಸಿದೆ. ಆಕ್ಸೆಲೇ ಮುರಿದಿದೆ ಎಂದು ನಿರ್ಧರಿಸಲು ನನಗೆ ಅರ್ಧ ನಿಮಿಷ ಸಾಕಾಯಿತು. ಅಕ್ಕ ದೇವರನ್ನು ಕರೆದರು. ದೇವರು ಬರಲಿಲ್ಲ, ಸಿಟಿ ಬಸ್ಸು ಬಂತು. ಕುಶಲಾ ರಸ್ತೆಯ ಮಧ್ಯಕ್ಕೆ ಹೋಗಿ ಹರಿವಾಣ ಅಡ್ಡ ಹಿಡಿದಳು!

ಮದುಮಗಳನ್ನು ಕಂಡು ಬಸ್ಸಿನವರೆಲ್ಲ ಎದ್ದು ನಿಂತರು. ಐವತ್ತು ತೆಂಗಿನಕಾಯಿಗಳು, ಗೊನೆ, ಟ್ರಂಕು ಎಲ್ಲ ಕೈಯಿಂದ ಕೈಗೆ ದಾಟಿ ಬಸ್ಸು ಸೇರಿದವು. “ಇವತ್ತು ಸೀದಾ ಬೋಳಾರಕ್ಕೇ ಬಿಡುವ, ಆಗದಾ?” ಎಂದು ಕಂಡಕ್ಟರ್ ಕೇಳಿದರೆ ಬಸ್ಸಿಗೆ ಬಸ್ಸೇ “ಆಯ್ತು, ಆಯ್ತು!” ಎಂದಿತು. ಸ್ನೇಹಲತಾ ಮೆಟ್ಟಿಲ ಮೇಲೆ ನಿಂತು ನನ್ನ ಕಡೆಗೆ ಕೈ ಚಾಚಿದಳು.

“ಹತ್ತಿ ಮಾಮ.”

ಇಲ್ಲಿ ನಾನು ನಿಜವನ್ನೇ ಹೇಳಬೇಕು. ನಾನು ಅವಳ ಕೈಯನ್ನು ನೋಡಿದೆ. ತಿರುಗಿ ಕಾರನ್ನು ನೋಡಿದೆ. ಐದು ಹೊಸ ಟಯರ್! ಹೆದ್ದಾರಿಯ ಬದಿ! ಯಾರಾದರೂ ಬಿಚ್ಚಿಕೊಂಡು ಹೋದರೆ?

“ನೀವು ಹೋಗಿ ಮಗಾ. ಹೊಸ ಟಯರ್ ಬಿಟ್ಟು ಬರುವುದು ಹೇಗೆ? ನಾನು ಹಿಂದಿನಿಂದಲೇ ಬಂದೆ.”

ಅವಳ ಕೈ ಒಂದು ಕ್ಷಣ ಹಾಗೇ ಇತ್ತು. ಕಂಡಕ್ಟರ್ “ರೈಟ್ ಪೋಯಿ!” ಎಂದ. ಬಸ್ಸು ಹೋಯಿತು.

ಉರಿಬಿಸಿಲಿನಲ್ಲಿ, ಮುಂಡಾಸಿನ ಸಮೇತ, ಬಂಪರಿನ ಮೇಲೆ ಕುಳಿತು ನಾನು ಟಯರ್ ಕಾದೆ. ದಾರಿಹೋಕರೊಬ್ಬರು, “ಮದುವೆ ಇಲ್ಲಿಯಾ? ಊಟ ಎಷ್ಟು ಗಂಟೆಗೆ?” ಎಂದು ವಿಚಾರಿಸಿದರು. ನಾನು ಮಾತ್ರ ಕಾರನ್ನು ಮುಟ್ಟಿಯೂ ನೋಡಲಿಲ್ಲ. ಅಪಘಾತವಾದ ವಾಹನವನ್ನು ತಜ್ಞರು ಬರುವವರೆಗೆ ಒಂದಿಂಚೂ ಕದಲಿಸಬಾರದು ಎಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳಿದವನಲ್ಲವೇ ನಾನು!

ಹನ್ನೊಂದೂಕಾಲಿಗೆ ಸ್ಕೂಟರಿನಲ್ಲಿ ತಜ್ಞರು ಬಂದರು. ಅಬ್ದುಲ್ ರಹ್ಮಾನ್! ಸಭಾಭವನದಿಂದ ಕುಶಲಾ ಫೋನ್ ಮಾಡಿದ್ದಳಂತೆ. ಮದುವೆಗೆಂದು ಹೊಸ ಅಂಗಿ ಹಾಕಿ, ಅತ್ತರು ಪೂಸಿಕೊಂಡಿದ್ದ ಮನುಷ್ಯ ರಸ್ತೆಯ ಮೇಲೆ ಕರವಸ್ತ್ರ ಹಾಸಿ ಬಗ್ಗಿದರು. ಹಿಂದಿನ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿದರು.

“ಆಕ್ಸೆಲಿಗೆ ಎಂತದೂ ಆಗ್ಲಿಲ್ಲ ಸಾಹೇಬ್ರೆ. ನೋಡಿ, ಖಾಲಿ ಇರುವಾಗ ಎರಡು ಬೆರಳು ಹೋಗ್ತದೆ. ಜನ ಕೂತು ಗಾಡಿ ತಗ್ಗಿದ್ರೆ ಟಯರ್ ಮೇಲೆ ಉಜ್ಜುತ್ತದೆ. ದೊಡ್ಡದಾಯ್ತಲ್ಲ, ಅದಕ್ಕೆ. ನೀವು ಜನ ಕೂರಿಸಿ ನೋಡ್ಲಿಲ್ವಾ?”

“ಇಲ್ಲ.”

“ಜನ ಇಳಿದು ಎಷ್ಟು ಹೊತ್ತಾಯ್ತು?”

“ಒಂದೂಕಾಲು ಗಂಟೆ.”

ಅವರು ಎದ್ದು, ಕರವಸ್ತ್ರ ಕೊಡವಿ, ಬಹಳ ಮೆಲ್ಲಗೆ ಹೇಳಿದರು. “ಹಾಗಾದ್ರೆ ಒಂದೂಕಾಲು ಗಂಟೆಯಿಂದ ಈ ಗಾಡಿ ಸರಿಯೇ ಉಂಟು. ನೀವು ಒಬ್ಬರೇ ಬಸ್ಸಿನ ಹಿಂದೆ ಹೋಗ್ಬಹುದಿತ್ತು.”

ಅಯ್ಯೋ! ಕೂತವರ ಭಾರಕ್ಕೆ ಮಾತ್ರ ಮುಷ್ಕರ ಹೂಡುವ ಕಾರು ನನ್ನದು! ಕೀಲಿ ತಿರುಗಿಸಿದೆ. ಗರ್ರ್ ಇಲ್ಲ, ಹೊಗೆ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ಅದು ಅಷ್ಟು ಚೆನ್ನಾಗಿ ಓಡಿದಷ್ಟೂ ನನಗೆ ಅಳು ಬರುತ್ತಿತ್ತು. ಎಲ್ಲಿಯಾದರೂ ಒಂದು ಕಡೆ ಕೆಟ್ಟು ನಿಲ್ಲಬಾರದೇ, ನನ್ನ ಮರ್ಯಾದೆಗಾದರೂ!

ಸಭಾಭವನದ ಎದುರು ಸಿಟಿ ಬಸ್ಸು ನಿಂತಿತ್ತು. ಒಳಗೆ ಬಸ್ಸಿನ ನಲವತ್ತು ಪ್ರಯಾಣಿಕರೂ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದರು. ಬಾಗಿಲಲ್ಲೇ ಕಂಡಕ್ಟರ್ ನನ್ನನ್ನು ಕಂಡು, “ಟಯರಿನ ಮಾಮ ಬಂದ್ರು!” ಎಂದು ಕೂಗಿದ. ಆ ಹೊತ್ತಿಗೆ ಬೀಗರೂ ಸೇರಿ ಇಡೀ ಸಭೆಗೆ ನನ್ನ ಹೆಸರು ಅದೇ ಆಗಿತ್ತು.

ಧಾರೆ ಮುಗಿದಿತ್ತು. ಹನ್ನೊಂದು ಗಂಟೆಯವರೆಗೆ ಬಾಗಿಲು ನೋಡಿ, ಹನ್ನೊಂದೂಕಾಲರವರೆಗೆ ರಸ್ತೆ ನೋಡಿ, ಕೊನೆಗೆ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತಂದವಳು ಕುಶಲಾ. ಆ ಫೋಟೋ ಇವತ್ತಿಗೂ ಅಕ್ಕನ ಮನೆಯ ಗೋಡೆಯಲ್ಲಿ ಉಂಟು. ನಾನು ಅದಕ್ಕೆ ಬೆನ್ನು ಹಾಕುವ ಕುರ್ಚಿಯಲ್ಲೇ ಕೂರುವುದು.

ಅಕ್ಕ ಬೈಯುತ್ತಾರೆಂದು ತಲೆತಗ್ಗಿಸಿ ನಿಂತೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಊಟ ಮಾಡು ತಮ್ಮ. ಬಿಸಿಲಲ್ಲಿ ಕೂತು ಮುಖ ಎಲ್ಲ ಬಾಡಿದೆ” ಎಂದರು. ಕುಶಲಾ ತಾನೇ ಎಲೆ ಹಾಕಿ ಬಡಿಸಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಚುಚ್ಚದೆ ಬಡಿಸಿದ್ದು ಅದೇ ಮೊದಲು. ಪಾಯಸ ಎಲೆಯಲ್ಲೇ ಉಳಿಯಿತು.

ಸಂಜೆ ಮದುಮಗಳನ್ನು ಕಳುಹಿಸಿಕೊಡುವ ಹೊತ್ತು. ಗಂಡಿನ ಕಡೆಯವರ ಕಾರು ಬಂದು ನಿಂತಿತು. ಹಳೇ ಫಿಯೆಟ್, ಸವೆದ ಟಯರ್, ಒಳಗೆ ಏಳು ಜನ, ಒಂದು ಸದ್ದಿಲ್ಲ! ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಸ್ನೇಹಲತಾ ಹುಡುಕಿಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅಳುತ್ತಿದ್ದಳು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು, ಕೊಂಚವೂ ಕೊಂಕಿಲ್ಲದೆ ಕೇಳಿದಳು.

“ಮಾಮ, ಟಯರೆಲ್ಲ ಉಂಟಲ್ಲ? ಯಾರೂ ಕೊಂಡೋಗ್ಲಿಲ್ಲ ಅಲ್ವಾ?”

“ಉಂಟು ಮಗಾ” ಎಂದೆ. “ಸ್ಟೆಪ್ನಿ ಸೇರಿ ಐದೂ ಉಂಟು.”