ದುರ್ಬೀನಿಗೆ ಕಣ್ಣಿಟ್ಟವರು

ದುರ್ಬೀನು ಇಟ್ಟುಕೊಂಡವರಿಗೆ ಗ್ರಹಗಳು ಸಿಗುವುದು ಅಪರೂಪ, ಫಜೀತಿಗಳು ಮಾತ್ರ ದಿನಾ ಸಿಗುತ್ತವೆ. ಟಿಳಕವಾಡಿಯಲ್ಲಿ ವಿಜ್ಞಾನ ಶಿಕ್ಷಕಿಯಾಗಿರುವ ನಾನು, ಗೊತ್ತಿದ್ದವರಿಗೆಲ್ಲ ಒಮ್ಮೆಯಾದರೂ ಆಕಾಶ ತೋರಿಸಿಯೇ ಬಿಡಬೇಕೆಂದು ಹಟ ಹಿಡಿದು ಮಸೂರದ ದುರ್ಬೀನೊಂದನ್ನು ಕೊಂಡೆ. ಹಟ ಇನ್ನೂ ಬಿಟ್ಟಿಲ್ಲ.

ತಲೆಕೆಳಗಾದ ಟಾಕಿ

ದುರ್ಬೀನಿನ ಬೆನ್ನ ಮೇಲೆ ಗುರಿ ಹಿಡಿಯಲು ಇನ್ನೊಂದು ಪುಟ್ಟ ದುರ್ಬೀನಿರುತ್ತದೆ. ಎರಡೂ ಒಂದೇ ಕಡೆ ನೋಡುವಂತೆ ಹಗಲಿನಲ್ಲೇ ಹೊಂದಿಸಿಕೊಳ್ಳಬೇಕು. ಮಾಳಿಗೆಯ ಮೇಲೆ ನಿಂತು, ದೂರದ ನೀರಿನ ಟಾಕಿಗೆ ಗುರಿಯಿಟ್ಟು ತಿರುಪು ತಿರುವುತ್ತಿದ್ದೆ. ಓಣಿಯವರೆಲ್ಲ ಕಾಕು ಎಂದು ಕರೆಯುವ ಬಾಜೂ ಮನೆಯ ಹಿರಿಯ ಹೆಂಗಸು ಹಪ್ಪಳ ಒಣಹಾಕುವುದನ್ನು ಬಿಟ್ಟು ಓಡಿಬಂದರು.

"ನಮ್ಮ ಮನಿ ಕಡೆ ಏನ ನೋಡಾಕತ್ತೀರಿ ಅಕ್ಕಾರ?"

"ಟಾಕಿ ರೀ ಕಾಕು. ನೀವೂ ನೋಡ್ರಿ."

ಕಣ್ಣಿಟ್ಟವರೇ ಹೌಹಾರಿದರು. "ಅಯ್ಯ, ಟಾಕಿ ತಲಿಕೆಳಗ ಆಗೇತಲ್ರಿ!"

ಮುಂದಿನ ದೊಡ್ಡ ಮಸೂರ ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುತ್ತದೆ, ಆಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ. ಕಣ್ಣಿನ ಹತ್ತಿರದ ಸಣ್ಣ ಮಸೂರ ಆ ಬಿಂಬವನ್ನೇ ದೊಡ್ಡದು ಮಾಡುತ್ತದೆ ಎಂದು ವಿವರಿಸಿದೆ.

ಕಾಕು ಸ್ವಲ್ಪ ಯೋಚಿಸಿ ಹೇಳಿದರು: "ಹಂಗಾರ ನಮ್ಮ ಮನಿಯವರನ್ನ ಇದರಾಗ ಒಮ್ಮೆ ತೋರಸ್ರಿ. ಹುಟ್ಟಾ ತಲಿಕೆಳಗ ಅದಾರ, ಇದರಾಗರ ನೆಟ್ಟಗ ಕಾಣಲಿ!"

ಮುಖ್ಯೋಪಾಧ್ಯಾಯರ ಚಂದ್ರ

ದುರ್ಬೀನನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಖಾನಾಪುರದ ಒಂದು ಸಾಲೆಗೆ ಹೋದೆ. ಸಂಜೆ ಅರ್ಧಚಂದ್ರ ನೆತ್ತಿಯ ಮೇಲಿದ್ದ. ಕುಳಿಗಳ ನೆರಳು ಉದ್ದ ಬೀಳುವುದರಿಂದ ಹುಣ್ಣಿಮೆಗಿಂತ ಅರ್ಧಚಂದ್ರನೇ ನೋಡಲು ಚೆಂದ. ಪುಟ್ಟ ದುರ್ಬೀನಿನಲ್ಲೇ ಗುರಿ ಹಿಡಿದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಮುಖ್ಯೋಪಾಧ್ಯಾಯರು ಸಾಲು ದಾಟಿ ಮುಂದೆ ಬಂದರು.

ಕಣ್ಣಿಟ್ಟು ಭಾಷಣವನ್ನೇ ಶುರುಮಾಡಿದರು. "ಮಕ್ಕಳೇ, ಚಂದ್ರನ ಮ್ಯಾಲಿನ ಕುಣಿ ಒಂದೊಂದೂ ಸ್ಪಷ್ಟ ಕಾಣಾಕತ್ತಾವ! ಗುಡ್ಡ ಸುದ್ಧಾ ಅದಾವ!"

ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಮೆಲ್ಲಗೆ ಕೈಯೆತ್ತಿದಳು. "ಸರ್, ಮುಂದಿನ ಮುಚ್ಚಳಾನ ತಗದಿಲ್ರಿ."

ಮುಚ್ಚಳ ಮರೆತವಳು ನಾನೇ!

ಸರ್ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ತಗಿ ಹಂಗಾರ. ಇನ್ನೂ ಸ್ಪಷ್ಟ ಕಾಣತಾವ."

ಅತ್ತೆಯ ಶನಿ

ನಮ್ಮ ಅತ್ತೆ ಚಂದ್ರನನ್ನು ನೋಡಿದರು, ಗುರುವನ್ನೂ ನೋಡಿದರು. ಶನಿ ಎಂದರೆ ಮಾತ್ರ ಒಳಗೆ ಹೋಗಿಬಿಡುತ್ತಿದ್ದರು.

"ನನಗ ಸಾಡೇಸಾತಿ ನಡದೈತಿ. ಅಂವ ಮೊದಲ ಹೆಗಲೇರಿ ಕುಂತಾನ, ಮತ್ತ ನಾನ ಹೋಗಿ ಮಾರಿ ತೋರಸ್ಲೇನು?"

ನಾನೂ ಬಿಡಲಿಲ್ಲ. ಒಂದು ತಿಂಗಳು, ಮೋಡವಿಲ್ಲದ ಪ್ರತಿ ಸಂಜೆ ಕರೆದೆ. ಕೊನೆಗೊಂದು ದಿನ, "ಅತ್ತಿ, ಉಂಗುರ ಹಾಕ್ಕೊಂಡಾನ್ರಿ. ಬಂಗಾರದ ಬಣ್ಣ," ಎಂದೆ. ಬಂಗಾರ ಎಂದದ್ದೇ ಮೆಟ್ಟಿಲು ಹತ್ತಿ ಬಂದರು.

ಕಡಿಮೆ ಶಕ್ತಿಯ ಮಸೂರದಲ್ಲಿ ಶನಿಯನ್ನು ಹುಡುಕಿ ನಡುವೆ ತಂದು, ಹೆಚ್ಚು ಶಕ್ತಿಯದನ್ನು ಹಾಕಿ ಸರಿಮಾಡಿದೆ. "ಮುಟ್ಟಬ್ಯಾಡ್ರಿ, ಅಳ್ಳಾಡತೈತಿ. ಬರೇ ಕಣ್ಣಿಡ್ರಿ."

ಅತ್ತೆ ಉಸಿರು ಬಿಗಿಹಿಡಿದು ನೋಡಿದರು. "ಖರೇನ ಉಂಗುರ ಐತಲ್ಲ! ಇಷ್ಟ ಚಂದ ಅದಾನಂತ ಯಾರೂ ಹೇಳಿರಲಿಲ್ಲವ್ವಾ!"

ನನಗೆ ಗೆದ್ದ ಖುಷಿ. ಅಷ್ಟರಲ್ಲಿ ಅತ್ತೆ ಚೀರಿದರು. "ಅಂವ ಸರ್ಯಾಕತ್ತಾನ! ಅಯ್ಯ, ಹೋದಾ!"

"ಭೂಮಿ ತಿರಗತೈತಲ್ರಿ, ಹಂಗಾಗಿ ಹೊರಗ ಜಾರತಾನ. ತಡೀರಿ, ಮತ್ತ ಹಿಡದು ತರತೀನಿ," ಎಂದು ಕೈ ಚಾಚಿದೆ.

ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. "ಕೈ ಹಚ್ಚೀದಿ ನೋಡು! ಏಳೂವರಿ ವರ್ಷ ಕುಂದ್ರಾಂವ ಒಂದ ನಿಮಿಷದಾಗ ಎದ್ದು ಹೋಗ್ಯಾನ. ಅವನ್ನ ಮತ್ತ ಕರಕೊಂಡ ಬರ್ತೀಯೇನು?"