ದೊನ್ಯಾ ಎದುವಿನಾರನ್ನು ನೀರಲ್ಲಿ ನಿಲ್ಲಿಸಿದ ಫೋರ್ಟ್ರಾನ್ ಅವರಿಗೆ

ಕಂಪ್ಯೂಟರ್ ಭಾಷೆಗಳ ಪಿತಾಮಹರಾದ ಶ್ರೀಮಾನ್ ಫೋರ್ಟ್ರಾನ್ ಅವರ ಸನ್ನಿಧಾನಕ್ಕೆ, ಚಿಲೋಯೆ ದ್ವೀಪದ ಕಾಸ್ತ್ರೋ ಬಂದರಿನಲ್ಲಿ ಸಮುದ್ರದ ಉಬ್ಬರವಿಳಿತದ ವೇಳಾಪಟ್ಟಿ ತಯಾರಿಸುವ ಅರ್ಸೆನಿಯೊ ಕಾರ್ಕಮೊನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ತಪ್ಪೊಪ್ಪಿಗೆ. ಕಳೆದ ಸೋಮವಾರ ಜೆಟ್ಟಿಯ ಫಲಕದಿಂದ ಕಚೇರಿಯ ಮೊಹರು ಬಿದ್ದ ವೇಳಾಪಟ್ಟಿಯನ್ನು ಕಿತ್ತು, ಅಲ್ಲಿ ತಾವು ಲೆಕ್ಕ ಹಾಕಿದ ಪಟ್ಟಿಯನ್ನು ಅಂಟಿಸಿದ ಅಪರಾಧಿ ನಾನೇ. ನಮ್ಮ ಹೊಸ ನಿರ್ದೇಶಕಿ ದೊನ್ಯಾ ಇವೊನ್ ಅವರು, ಅರುವತ್ತು ದಾಟಿದ ತಮಗೆ ವಿಶ್ರಾಂತಿ ಘೋಷಿಸಿ, ಹಾವಿನ ಹೆಸರಿನ ಹೊಸ ಭಾಷೆ ಪೈಥಾನ್ ಕೈಗೆ ಸಮುದ್ರವನ್ನು ಒಪ್ಪಿಸಿದ್ದರು. ತಮ್ಮ ಹಿಂದೆಯೇ ನನ್ನ ಕುರ್ಚಿಯೂ ಹೋಗುವುದರಲ್ಲಿತ್ತು. ಮೂವತ್ತೊಂದು ವರ್ಷ ತಮ್ಮೊಡನೆ ಏಗಿದ, ತಮ್ಮ ಗುಣಸ್ವಭಾವವನ್ನು ಈ ದ್ವೀಪದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ನಾನು ಕೈಕಟ್ಟಿ ಕೂರಲಾದೀತೆ?

ಆದರೆ ತಮ್ಮನ್ನು ನಂಬಿ ಚಿಪ್ಪು ಆಯಲು ಬಂದ ದೊನ್ಯಾ ಎದುವಿನಾ, ಮರಳಿನ ಬದಲು ಮೊಣಕಾಲುದ್ದ ನೀರಲ್ಲಿ ನಿಂತು, ಬುಟ್ಟಿ ಎತ್ತಿ ಕೂಗಿದರು: "ಏನಯ್ಯಾ ಅರ್ಸೆನಿಯೊ, ನಿನ್ ಪಟ್ಟಿ ಸಮುದ್ರಕ್ಕೆ ತೋರ್ಸಿದ್ಯೋ ಇಲ್ವೋ?" ನೀರು ಇಳಿದದ್ದು ನಲವತ್ತು ನಿಮಿಷ ತಡವಾಗಿ, ಹಾವು ಹೇಳಿದ ಗಳಿಗೆಗೆ ಸರಿಯಾಗಿ.

ನಿರ್ದೇಶಕಿಯವರು ಹುಡುಕಿ ಕಾರಣ ಹಿಡಿದರು. ಕಂಪ್ಯೂಟರಿಗೆ ರಂಧ್ರ ಕೊರೆದ ಕಾರ್ಡುಗಳನ್ನು ಉಣಿಸುತ್ತಿದ್ದ ಕಾಲದ ಅಭ್ಯಾಸವಂತೆ. ಒಂದು ಸಾಲಿನಲ್ಲಿ ಎಪ್ಪತ್ತೆರಡು ಅಕ್ಷರಗಳು, ಅಂದರೆ ಎಪ್ಪತ್ತೆರಡು ಕಾಲಂ, ಆದ ಮೇಲೆ ಏನು ಬರೆದರೂ ತಾವು ಓದುವುದಿಲ್ಲ. ಜನವರಿಯಲ್ಲಿ ತಮ್ಮ ಲೆಕ್ಕಕ್ಕೆ ನಾನು ಬರೆದ ತಿದ್ದುಪಡಿಯ ಬಾಲ ಎಪ್ಪತ್ತೆಂಟರವರೆಗೆ ಚಾಚಿತ್ತು. ತಾವು ಒಂದು ಕೆಮ್ಮೂ ಕೆಮ್ಮದೆ ಅದನ್ನು ಬಿಟ್ಟುಬಿಟ್ಟಿರಿ. ಎಂಥ ಘನತೆ! ಬೇಡದ ಮಾತು ಕಿವಿಗೆ ಬೀಳದ ಇಂಥ ವರವನ್ನು ಪಡೆಯಲು ನನ್ನ ಹೆಂಡತಿ ಎಷ್ಟು ವರ್ಷಗಳಿಂದ ಪ್ರಾರ್ಥಿಸುತ್ತಿದ್ದಾಳೆ! ಜನ ತಮ್ಮ ಕಾಲ ಮುಗಿಯಿತೆನ್ನುತ್ತಾರೆ. ಮುಗಿದದ್ದು ಕಾಲಂ ಮಾತ್ರ. ನನ್ನ ಬಿನ್ನಹವಿಷ್ಟೆ: ಇನ್ನು ಮುಂದೆ ಎಪ್ಪತ್ತಮೂರನೆಯ ಅಕ್ಷರಕ್ಕೆ ದಯವಿಟ್ಟು ಗಂಟಲು ಸರಿಮಾಡಿಕೊಳ್ಳಿ. ಅದು ಕಷ್ಟವಾದರೆ, ಸಮುದ್ರಕ್ಕೇ ಒಂದು ಮಾತು ಹೇಳಿ ನೀರನ್ನು ನಲವತ್ತು ನಿಮಿಷ ಮೊದಲೇ ಇಳಿಸಿಕೊಡಿ.

ಬಾಲವನ್ನು ಮುಂದಿನ ಸಾಲಿಗೆ ಇಳಿಸಿದ್ದೇ ತಡ, ತಾವು ಹಾವಿನೊಂದಿಗೆ ನಿಮಿಷಕ್ಕೆ ನಿಮಿಷ ಹೊಂದಿದಿರಿ. ಇಡೀ ವರ್ಷದ ಪಟ್ಟಿಯನ್ನು ಕೆಟಲಿನ ನೀರು ಕಾಯುವ ಮೊದಲೇ ಮುಗಿಸಿದಿರಿ. ನಿರ್ದೇಶಕಿಯವರು ನಕ್ಕು ನನ್ನತ್ತ ತಿರುಗಿದರು: "ಭಾಷೆ ಗಟ್ಟಿಮುಟ್ಟಾಗೇ ಇದೆ ದೊನ್ ಅರ್ಸೆನಿಯೊ, ಅದು ಇರ್ಲಿ. ನಿಮ್ಮನ್ನೇನ್ ಮಾಡೋದು ಅಂತ ಯೋಚ್ನೆ."

ತಮ್ಮಿಂದಲೇ ಈ ಗತಿ ಬಂದವನಾದರೂ, ಎಪ್ಪತ್ತೆರಡರೊಳಗೇ ಇರುವ

ತಮ್ಮ ವಿಶ್ವಾಸಿ,
ಅರ್ಸೆನಿಯೊ ಕಾರ್ಕಮೊ

ಮರೆತ ಮಾತು: ಈ ನಿಯಮವನ್ನು ನನಗೆ ಯಾರೂ ತಿಳಿಸಿರಲಿಲ್ಲವೆಂದು ನಿರ್ದೇಶಕಿಯವರಿಗೆ ಲಿಖಿತ ಹೇಳಿಕೆ ಕೊಟ್ಟೆ. ಅವರು ನನ್ನ ಕಂಪ್ಯೂಟರ್ ಪರದೆಯ ಅಂಚಿನ ಧೂಳು ಒರೆಸಿದರು. ಕೆಂಪು ಶಾಯಿಯ ಚೀಟಿಯೊಂದು ಅಂಟಿತ್ತು: "ಎಪ್ಪತ್ತೆರಡು ದಾಟಿ ಬರೆಯುವವನು ಕತ್ತೆ." ಕೆಳಗೆ ಇಪ್ಪತ್ತೊಂಬತ್ತು ವರ್ಷ ಹಿಂದಿನ ತಾರೀಖು, ಪಕ್ಕದಲ್ಲಿ ನನ್ನದೇ ಸಹಿ.