ಐದನೆಯ ಗುಂಡಿ

ಆಸ್ಪತ್ರೆಯ ಹೊಸ ಚೀಟಿ ಯಂತ್ರದ ಪರದೆಯ ಮೇಲೆ ಐದು ಭಾಷೆಗೆ ಐದು ಗುಂಡಿಗಳಿದ್ದವು. ರಂಪಕ್ಕೆಲ್ಲ ಕಾರಣ ಕೊನೆಯದು. ಮೊದಲ ನಾಲ್ಕನ್ನು ಊರೆಲ್ಲ ಬಲ್ಲದು. ಐದನೆಯದರ ಅಕ್ಷರಗಳು ಮಾತ್ರ ಸಕ್ಕರೆ ಕಂಡ ಇರುವೆಗಳಂತೆ ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು.

ಮೊದಲು ಅದರ ಮೇಲೆ ರೇಗಿದವನು ಹಲ್ಲುನೋವಿನ ಪೈಲ್ವಾನ. ಅವನ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು.

"ಇದ್ಯಾಕ್ರೀ ಇಲ್ಲಿಗೆ ಬಂತು? ಆ ಜನ ಇವತ್ತು ಗುಂಡಿ ಕೇಳ್ತಾರೆ, ನಾಳೆ ಆಸ್ಪತ್ರೇನೇ ಕೇಳ್ತಾರೆ!"

"ಅವ್ರೆಲ್ಲಿ ಕೇಳಿದ್ರಪ್ಪಾ? ಯಂತ್ರ ಮಾಡಿದೋರು ಹಾಕಿ ಕಳ್ಸಿದಾರೆ," ಎಂದಳು ರಕ್ತ ತೆಗೆಯುವ ನರ್ಸಮ್ಮ.

"ನೀವು ಸೂಜಿ ನೋಡ್ಕೊಳ್ಳಿ ತಾಯಿ. ಇದು ದೊಡ್ಡ ವಿಷಯ."

ಕಿಟಕಿಯ ಹಿಂದಿನ ಗುಮಾಸ್ತ ತಲೆ ಎತ್ತಲಿಲ್ಲ. ಎಲ್ಲರ ಬಾಯಲ್ಲೂ ಅವನು ಚೀಟಿಯಪ್ಪ. ಆ ಐದನೆಯದು ಅವನ ಅಮ್ಮನ ಭಾಷೆ. ಇಪ್ಪತ್ತೆರಡು ವರ್ಷದ ಹಿಂದೆ ಅವನು ಕೆಲಸಕ್ಕೆ ಸೇರಿದ ದಿನವೇ ಯಾರೋ ಅದನ್ನು ಅಣಕಿಸಿ, ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಆಡಿ ತೋರಿಸಿದ್ದರು. ಎಲ್ಲರೂ ನಕ್ಕರು. ಅವನೂ ನಕ್ಕ. ಅಂದು ನಕ್ಕವನಿಗೆ ಆಮೇಲೆ ಬಾಯಿ ಬಿಡುವ ಗಳಿಗೆ ಬರಲೇ ಇಲ್ಲ.

ಮಾರನೆಯ ದಿನ ಅಮ್ಮ ಮಂಡಿನೋವು ತೋರಿಸಲು ಬರುವವಳಿದ್ದಳು. ಕಿವಿ ಪೂರಾ ಮಂದ, ಬೇರೆ ಭಾಷೆ ಬಾರದು. ಆದರೆ ಅವಳಪ್ಪ ಕಲಿಸಿದ ಅಕ್ಷರಗಳನ್ನು ಈಗಲೂ ಬೆರಳಿಟ್ಟು ಓದುತ್ತಾಳೆ. "ನಾನೇ ಒತ್ತಿ ನಾನೇ ಚೀಟಿ ತಗೋತೀನಿ, ನೀನು ಕೈ ಹಾಕ್ಬೇಡ" ಎಂದು, ಹಿಂದಿನ ರಾತ್ರಿ ಮಗ ಗುಂಡಿಯ ಸುದ್ದಿ ಹೇಳಿದಾಗ, ಹೊಸ ಬಟ್ಟೆ ಸಿಕ್ಕ ಮಗುವಿನಂತೆ ಹಿಗ್ಗಿದ್ದಳು.

ಹತ್ತು ಗಂಟೆಗೆ ಸೂಪರಿಂಟೆಂಡೆಂಟ್ ಸಾಹೇಬರು ಮೇಲಿನವರಿಗೆ ಫೋನು ಮಾಡಿ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಸಿಬ್ಬಂದಿಲಿ ಒಬ್ರಿಗಾದ್ರೂ ಆ ಭಾಷೆ ಬಂದ್ರೆ ಗುಂಡಿ ಇರುತ್ತಂತೆ. ಇಲ್ದಿದ್ರೆ ಸಂಜೆಗೆ ತೆಗೀತಾರೆ. ಯಾರಿಗ್ರೀ ಬರುತ್ತೆ?"

ಸಾಹೇಬರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು.

"ಚೀಟಿಯಪ್ಪಾ, ನಿನಗೆ?"

"ನನಗಾ ಸಾರ್? ನನಗೆಲ್ಲಿಂದ ಬರ್ಬೇಕು!" ನಾಲಿಗೆ ಅವನನ್ನು ಕೇಳದೆಯೇ ಹೇಳಿಬಿಟ್ಟಿತು.

 ಊಟದ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು. ಯಾವ ಭಾಷೆಯಲ್ಲಿ ಎಷ್ಟು ಚೀಟಿ ಹೋಯಿತೆಂದು ಯಂತ್ರವೇ ಲೆಕ್ಕ ಇಡುತ್ತದೆ. ಒಂದು ಹೋದರೂ ಸಾಕು, ಬೇಕಾದವರಿದ್ದಾರೆ ಎಂದು ಸಾಹೇಬರಿಗೆ ತೋರಿಸಬಹುದು. ಜನ ಇಲ್ಲದ್ದು ನೋಡಿ, ಧೂಳು ಒರೆಸುವವನಂತೆ ಬಟ್ಟೆ ಹಿಡಿದು, ಐದನೆಯ ಗುಂಡಿ ಒತ್ತಿದ.

ಪರದೆ ತುಂಬ ಇರುವೆಗಳು!

ಹಿಂದಕ್ಕೆ ಹೋಗುವುದೆಲ್ಲಿ? ಅವನಿಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಲಿಸಲೆಂದು ಅಮ್ಮ ಎಷ್ಟು ಸಂಜೆ ಸ್ಲೇಟು ಹಿಡಿದು ಕೂತಿದ್ದಳು. ಇವನು ಕಿಟಕಿ ಹಾರಿ ಆಟಕ್ಕೆ ಓಡಿದ್ದ. ಸ್ವಿಚ್ ಆರಿಸಿ ಹಾಕಿದ. ಇರುವೆಗಳು ಅಲ್ಲೇ ಇದ್ದವು.

ಅಷ್ಟರಲ್ಲಿ ಜನ ಬಂದರು. ತಾಳ್ಮೆಯಿಲ್ಲದ ಜನ, ಕೈಗೆ ಸಿಕ್ಕಿದ್ದನ್ನು ಒತ್ತಿದರು. ಚೀಟಿಯಲ್ಲಿ ಅರ್ಥವಾಗುತ್ತಿದ್ದದ್ದು ಕೋಣೆಯ ನಂಬರೊಂದೇ. ಕೆಮ್ಮಿನ ಮುದುಕರು ಮೂಳೆ ಡಾಕ್ಟರ ಬಳಿ ಹೋದರು. ಕೈ ಮುರಿದವನು ಮಕ್ಕಳ ವಾರ್ಡಿಗೆ ಹೋದ. ಎಕ್ಸ್‌ರೇ ತೆಗೆಸಿ, ಬಾಯಿಗೆ ಹತ್ತಿ ತುರುಕಿಸಿಕೊಂಡು ಮತ್ತೆ ಚೀಟಿಗೆ ಬಂದ ಪೈಲ್ವಾನನಿಗೆ ಸಿಕ್ಕಿದ್ದು ಏಳನೆಯ ನಂಬರು, ಬಸುರಿಯರ ವಿಭಾಗ.

"ಎಷ್ಟಾಯ್ತು?" ಎಂದು ಅಲ್ಲಿನ ಆಯಾ ತಲೆ ಎತ್ತದೆ ಕೇಳಿದಳು. ನೋವು ಶುರುವಾಗಿ ಮೂರು ದಿನವೆಂದು ಪೈಲ್ವಾನ ಮೂರು ಬೆರಳು ಚಾಚಿದ.

"ಮೂರೇ ತಿಂಗಳಾ? ಅವಸರ ಇಲ್ಲ, ಹಿಂದೆ ಕೂತ್ಕೊಳ್ಳಮ್ಮ."

ಹತ್ತಿ ಉಗಿದು ಅವನೆಬ್ಬಿಸಿದ ಅಬ್ಬರಕ್ಕೆ ಸಾಹೇಬರು ಓಡಿ ಬಂದರು. ಯಂತ್ರವನ್ನು ಉಗ್ರಾಣಕ್ಕೆ ತಳ್ಳಿಸಿ, "ಚೀಟಿಯಪ್ಪ ಒಬ್ಬ ಇರ್ಲಿ, ಮಿಕ್ಕೋರು ಹೋಗಿ" ಎಂದು ಬಾಗಿಲು ಹಾಕಿದರು. ಕನ್ನಡಕ ಏರಿಸಿ ಪರದೆ ನೋಡಿದರು. ತುಟಿಗಳು ಸಣ್ಣಗೆ ಅಲುಗಿದವು. ಬೆರಳು ಎಲ್ಲೂ ತಡವರಿಸದೆ ಮೂರು ಕಡೆ ಒತ್ತಿತು. ಯಂತ್ರ ಮೊದಲಿನಂತಾಯಿತು.

ಚೀಟಿಯಪ್ಪನ ಬಾಯಿಂದ ಅಮ್ಮನ ಭಾಷೆಯೇ ಹೊರಬಿತ್ತು. "ಅಣ್ಣಾ, ನಿಮಗೆ ಓದೋಕೂ ಬರುತ್ತಾ?"

ಸಾಹೇಬರು ಬಾಗಿಲ ಕಡೆ ನೋಡಿ ಅದೇ ಮಾತಿನಲ್ಲಿ ಅಂದರು: "ಮೆಲ್ಲಗೋ ತಮ್ಮಾ. ನಮ್ಮಪ್ಪ ಈ ಅಕ್ಷರದ ಮೇಷ್ಟ್ರು. ಆಫೀಸಲ್ಲಿ ಒಬ್ಬರ ಹತ್ರ ಇದನ್ನ ಆಡ್ತಿರೋದು ಇವತ್ತೇ ಮೊದಲು."

 ಆಮೇಲೆ ಸಾಹೇಬರು ಜೇಬಿನಿಂದ ಕಾಗದ ತೆಗೆದರು. 'ಈ ಭಾಷೆ ಬಲ್ಲವರು ಸಿಬ್ಬಂದಿಯಲ್ಲಿ ಯಾರೂ ಇರುವುದಿಲ್ಲ.' ಅವರ ಸಹಿ ಆಗಲೇ ಆಗಿತ್ತು.

"ಇದಕ್ಕೆ ಸಾಕ್ಷಿ ಸಹಿ ಒಂದು ಬೇಕು. ನನಗಿನ್ನು ಎಂಟು ತಿಂಗಳು ಸರ್ವೀಸು, ಈಗ ಬಾಯಿ ಬಿಡೋಕೆ ಧೈರ್ಯ ಬರಲ್ಲ. ನೀನು ಬೇಕಾದ್ರೆ ನನಗೆ ಬರುತ್ತೆ ಅಂತ ಹೇಳು, ನಾನು ಇದನ್ನ ಹರೀತೀನಿ."

ಪೆನ್ನು ಚಾಚಿ ಅವರು ಕಾದರು, ಬಹಳ ಹೊತ್ತು ಕಾದರು. ಹೊರಗೆ ಪೈಲ್ವಾನ ಇನ್ನೂ ಕೂಗುತ್ತಿದ್ದ. ಚೀಟಿಯಪ್ಪ ಸಹಿ ಹಾಕಿದ. ಸಾಹೇಬರು ಬೇರೇನನ್ನೋ ನೆಚ್ಚಿಕೊಂಡಿದ್ದವರಂತೆ ಸಪ್ಪಗಾಗಿ, ಕಾಗದವನ್ನು ನಿಧಾನವಾಗಿ ಮಡಿಸಿದರು.

ಸಂಜೆ ಮನೆಯಲ್ಲಿ ಅಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅವನು ಅವಳ ಕಿವಿಗೆ ಬಾಯಿಟ್ಟು ಅವಳ ಭಾಷೆಯಲ್ಲೇ ಕೂಗಿದ. "ನಾಳೆ ಆ ಗುಂಡಿ ಇರಲ್ಲಮ್ಮಾ!"

ಅವಳ ಕೈ ನಿಂತಿತು. ಮಗನ ಮುಖ ನೋಡಿ, ಅವನಿಗೆ ಬೇಸರವಾಗಿದೆ ಎಂದುಕೊಂಡು, ತಾನೇ ಸಮಾಧಾನ ಹೇಳಿದಳು.

"ಹೋಗ್ಲಿ ಬಿಡು ಮಗಾ. ಕಿಟಕಿಲಿ ನೀನೇ ಇರ್ತೀಯಲ್ಲ. ಹೀಗೇ ಗಟ್ಟಿಯಾಗಿ ಕೂಗು, ನನಗೆ ಚೆನ್ನಾಗಿ ಕೇಳ್ಸುತ್ತೆ."